ಹನ್ನೆರಡನೆಯ ಸಾಲು

ಮಾರ್ಚ್ ೪

ಅಪ್ಪಾ,

ಸುಖವಾಗಿ ಬಂದು ತಲುಪಿದೆ. ಉಳಿಗಳ ಚೀಲವನ್ನು ದಾರಿಯುದ್ದಕ್ಕೂ ಮಡಿಲಲ್ಲೇ ಇಟ್ಟುಕೊಂಡಿದ್ದೆ. ನಿಲ್ದಾಣದ ಬಾಗಿಲಲ್ಲಿ ಒಬ್ಬ ಸಿಪಾಯಿ ಚೀಲ ಬಿಚ್ಚಿಸಿ, ಹೆಣ್ಣುಮಗಳಿಗೆ ಇಪ್ಪತ್ತಮೂರು ಉಳಿ ಯಾಕೆ ಬೇಕು ಎಂದು ಕೇಳಿದ. ಅಕ್ಷರದ ಒಂದೊಂದು ತಿರುವಿಗೆ ಒಂದೊಂದು ಎಂದು ಹೇಳಬೇಕೆಂದುಕೊಂಡೆ, ಬಾಯಿಗೆ ಬರಲಿಲ್ಲ. ನಿನಗೆ ಗೊತ್ತಲ್ಲ. ಕೆಲಸದ ಪತ್ರ ತೋರಿಸಿದ ಮೇಲೆ ಬಿಟ್ಟ.

ಕೆಲಸ ಹೊಸ ಚೌಕದ ಪಕ್ಕದ ತಗಡಿನ ಶೆಡ್ಡಿನಲ್ಲಿ. ಎರಡು ಕಪ್ಪು ಚಪ್ಪಡಿಗಳು, ಒಂದೊಂದೂ ನನಗಿಂತ ಎತ್ತರ. ಎಡಗಡೆಯದು ಹಳೆಯ ರಾಜನದು. ಎರಡು ಸಾವಿರ ವರ್ಷದ ಹಿಂದೆ ದೊಡ್ಡ ಕಾಲುವೆ ತೋಡಿಸಿದನಲ್ಲ, ಅವನದು. ಬಲಗಡೆಯದು ಸೇನಾಪತಿಗಳದು. ಅವರು ಸೈನ್ಯ ತಂದು ಅಧಿಕಾರ ಹಿಡಿದು, ಬರುವ ಜೂನ್ ತಿಂಗಳಿಗೆ ಹತ್ತು ವರ್ಷವಾಗುತ್ತದೆ. ಅಷ್ಟರೊಳಗೆ ಎರಡೂ ಚಪ್ಪಡಿಗಳು ಚೌಕದಲ್ಲಿ ಅಕ್ಕಪಕ್ಕ ನಿಲ್ಲಬೇಕು. ಜನ ಎಡಕ್ಕೊಂದು ಸಾಲು, ಬಲಕ್ಕೊಂದು ಸಾಲು ಓದಿ ಇಬ್ಬರ ಸಾಧನೆಯೂ ಸರಿಸಮ ಎಂದು ತಲೆಯಾಡಿಸಿ ಹೋಗಬೇಕು.

ಒಕ್ಕಣೆ ಬರೆಯುವವರು ಒಬ್ಬ ಇತಿಹಾಸದ ಮೇಷ್ಟ್ರು. ರಾಜ ಏನೇನು ಮಾಡಿದ್ದನೋ ಅದಕ್ಕೆಲ್ಲ ಸೇನಾಪತಿಗಳಲ್ಲಿ ಜೋಡಿ ಹುಡುಕುವುದು ಅವರ ಕೆಲಸ. ದಿನವಿಡೀ ಪೆನ್ಸಿಲ್ ಕಚ್ಚುತ್ತಾ ಕೂತಿರುತ್ತಾರೆ. ಅಕ್ಷರಕ್ಕೆ ಬಂಗಾರದ ಬಣ್ಣ ತುಂಬುವ ಹೆಂಗಸು ನನ್ನ ಕೋಣೆಯಲ್ಲೇ ಇದ್ದಾಳೆ. ಎಲ್ಲರೂ ಬಂಗಾರದಕ್ಕ ಎನ್ನುತ್ತಾರೆ. ನಾನು ಒಂದು ಮಾತಾಡಿದರೆ ಅವಳು ನೂರು ಕೇಳುತ್ತಾಳೆ. ಮನೆಯಲ್ಲಿ ಯಾರಿದ್ದಾರೆ, ಅಪ್ಪ ರಾಜಕೀಯ ಮಾತಾಡುತ್ತಾರಾ, ಎಲ್ಲವನ್ನೂ.

ಗುರುತಿನ ಚೀಟಿಯನ್ನು ಮೊದಲ ದಿನವೇ ತೆಗೆದುಕೊಂಡರು. ಕೆಲಸ ಮುಗಿದು ಸಾಹೇಬರು ಸರಿ ಅಂದ ಮೇಲೆ ವಾಪಸ್ಸಂತೆ. ಅದಿಲ್ಲದೆ ಊರಿಗೆ ಟಿಕೆಟ್ ಕೊಡುವುದಿಲ್ಲ.

ನಿನ್ನ ಬಲಗೈ ಹೇಗಿದೆ? ಭಾರದ ಸುತ್ತಿಗೆ ಮುಟ್ಟಬೇಡ.

ನಿನ್ನ ಪುಟ್ಟಿ


ಮಾರ್ಚ್ ೧೭

ಪುಟ್ಟಿ,

ಕಾಗದ ಬಂತು. ಹದಿಮೂರು ದಿನ ಹಿಡಿಯಿತು. ನಿನ್ನ ಲಕೋಟೆಯ ಮಡಿಕೆಯಲ್ಲಿ ಎರಡು ಬಗೆಯ ಅಂಟು ಇತ್ತು, ಕೆಳಗೆ ಬಿಳಿ, ಮೇಲೆ ಹಳದಿ. ನೀನೇ ಎರಡು ಸಲ ಅಂಟಿಸಿದೆಯಾ? ಅಂಟಿಸಿದ್ದರೆ ಸರಿ. ಇಲ್ಲದಿದ್ದರೂ ಸರಿ, ನಾವು ಬರೆಯುವುದರಲ್ಲಿ ಏನಿದೆ.

ಆ ಬಂಗಾರದ ಹೆಂಗಸಿನ ಮುಂದೆ ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ, ಅಷ್ಟೇ. ಹುಟ್ಟಿದಾಗಿನಿಂದ ಮಾತು ಕಡಿಮೆ ಎಂದು ನಿನ್ನನ್ನು ಎಲ್ಲರೂ ಆಡಿಕೊಳ್ಳುತ್ತಿದ್ದರು. ಈಗ ಅದೇ ಒಳ್ಳೆಯದಾಯಿತು. ಹಾಳೆಯಲ್ಲಿ ಇದ್ದದ್ದನ್ನು ಕೆತ್ತು. ರಾಜ ದೊಡ್ಡವನೋ ಸೇನಾಪತಿಗಳು ದೊಡ್ಡವರೋ ತೂಗಿ ನೋಡುವುದು ನಮ್ಮ ಕೆಲಸವಲ್ಲ.

ಹೋದ ವಾರ ಹೊಸ ಗಿರಾಕಿಯೊಬ್ಬ ಬಂದ. ಇಸ್ತ್ರಿ ಮಾಡಿದ ಅಂಗಿ, ಹೊಸ ಬೂಟು. ಅತ್ತೆಗೆ ಸಮಾಧಿ ಕಲ್ಲು ಬೇಕು ಅಂದ. ಅತ್ತೆಯ ಹೆಸರು ಕೇಳಿದೆ. ಆಮೇಲೆ ಹೇಳ್ತೀನಿ ಅಂದ. ಸತ್ತ ದಿನ ಯಾವುದು ಅಂದೆ. ಅದನ್ನೂ ಆಮೇಲೆ ಅಂದ. ಕಲ್ಲು ಯಾವುದೆಂದು ಆರಿಸಲೂ ಇಲ್ಲ, ಗೋಡೆಯ ಮೇಲಿನ ನಿನ್ನ ಫೋಟೋ ನೋಡುತ್ತಾ ಅರ್ಧ ಗಂಟೆ ಕೂತಿದ್ದ. ನಲವತ್ತು ವರ್ಷದಲ್ಲಿ ಹೆಣದ ಹೆಸರೇ ಗೊತ್ತಿಲ್ಲದ ನೆಂಟನನ್ನು ಇದೇ ಮೊದಲು ಕಂಡದ್ದು.

ಬೇಗ ಮುಗಿಸಿ ಚೀಟಿ ಇಸಿದುಕೊಂಡು ಬಾ.

ಅಪ್ಪ


ಏಪ್ರಿಲ್ ೨

ಅಪ್ಪಾ,

ನಾನು ಒಂದೇ ಸಲ ಅಂಟಿಸಿದ್ದೆ.

ಕೆಲಸ ಚೆನ್ನಾಗಿ ನಡೆದಿದೆ. ರಾಜನ ಚಪ್ಪಡಿ ಮುಗಿಯಿತು. ಸೇನಾಪತಿಗಳದರಲ್ಲಿ ಎಂಟು ಸಾಲು ಆಯಿತು. ರಾಜ ನೂರು ಹರದಾರಿ ಕಾಲುವೆ ತೋಡಿಸಿದ ಎಂದು ಎಡಕ್ಕೆ. ಸೇನಾಪತಿಗಳು ಸಾವಿರ ಹರದಾರಿ ಕೊಳವೆ ಹಾಕಿಸಿದರು ಎಂದು ಬಲಕ್ಕೆ. ಬಂಗಾರದಕ್ಕ ಅದಕ್ಕೆ ಬಣ್ಣ ತುಂಬುತ್ತಾ, “ನಮ್ಮ ಬೀದೀಲೂ ಕೊಳವೆ ಇದೆ ಕಣೇ, ನೀರು ಇನ್ನೂ ಮನೆಯಿಂದ ಹೊರಟಿಲ್ಲ” ಅಂದಳು. ನಾನು ನಗಲಿಲ್ಲ. ನನ್ನನ್ನು ನಗಿಸಿ ನೋಡಲಿಕ್ಕೇ ಹಾಗಂದಳೇನೋ. ರಾಜ ದಾರಿಯ ಎರಡು ಬದಿಗೂ ನೆರಳಿನ ಮರ ನೆಡಿಸಿದ. ಸೇನಾಪತಿಗಳು ಎರಡು ಟ್ಯಾಂಕು ಜೋಡಿಯಾಗಿ ಹೋಗುವಷ್ಟು ರಸ್ತೆ ಅಗಲ ಮಾಡಿಸಿದರು. ಏಳನೆಯ ಸಾಲಿನಲ್ಲಿ ಮೇಷ್ಟ್ರು ನಾಲ್ಕು ದಿನ ಸಿಕ್ಕಿಹಾಕಿಕೊಂಡಿದ್ದರು. ತಪ್ಪು ಏನೆಂದು ತಿಳಿಸದೆ ಯಾರನ್ನೂ ಸೆರೆಯಲ್ಲಿ ಇಡಬಾರದು ಎಂದು ಆ ರಾಜ ಕಟ್ಟಳೆ ಮಾಡಿದ್ದನಂತೆ. ಕೊನೆಗೆ ಬಲಕ್ಕೆ ಬರೆದುಕೊಟ್ಟದ್ದು, ಗಾಳಿ ಬೆಳಕು ಚೆನ್ನಾಗಿರುವ ಆರು ಸೆರೆಮನೆ ಕಟ್ಟಿಸಿದರು ಎಂದು.

ಒಂದು ವಿಷಯ ನಿನ್ನನ್ನು ಕೇಳಬೇಕು. ರಾಜನಿಗೆ ಹನ್ನೆರಡು ಸಾಲು. ಹನ್ನೆರಡನೆಯದು, ಐವತ್ತೆರಡನೆಯ ವಯಸ್ಸಿನಲ್ಲಿ ಜ್ವರದಿಂದ ತೀರಿಕೊಂಡ, ಊರು ಒಂಬತ್ತು ದಿನ ಬಾಗಿಲು ಹಾಕಿತು ಎಂಬುದು. ಸೇನಾಪತಿಗಳಿಗೆ ಹನ್ನೊಂದೇ ಸಾಲು ಬಂದಿದೆ. ಜೋಡಿ ಕಲ್ಲು ಎಂದ ಮೇಲೆ ಒಂದೇ ದಾರ ಹಿಡಿದು ಎರಡಕ್ಕೂ ಗೆರೆ ಹಾಕಬೇಕಲ್ಲ, ಹಾಗೇ ಹನ್ನೆರಡು ಹನ್ನೆರಡು ಹಾಕಿದೆ. ಒಬ್ಬರು ಹೋಗಿ ಒಬ್ಬರು ಉಳಿದ ಗಂಡಹೆಂಡಿರ ಕಲ್ಲಿಗೆ ನಾವು ಮಾಡುವಂತೆ ಬಲಗಡೆಯ ಕೊನೆಯ ಸಾಲನ್ನು ನುಣ್ಣಗೆ ಉಜ್ಜಿ ಖಾಲಿ ಬಿಟ್ಟೆ. ಯೋಚಿಸಿ ಮಾಡಿದ್ದಲ್ಲ, ಕೈ ತಾನೇ ಮಾಡಿತು.

ನಿನ್ನೆ ಮೇಸ್ತ್ರಿ ಬಂದು ಆ ಖಾಲಿ ಜಾಗದ ಮುಂದೆ ತುಂಬ ಹೊತ್ತು ನಿಂತರು. ಉಜ್ಜಿದ್ದು ಸರಿಯಾಗಿಲ್ಲವೇ ಎಂದು ಕೇಳಿದೆ. ಆ ಜಾಗವನ್ನು ಬೆರಳಲ್ಲಿ ಅಳೆದು ಹೋದರು. ಮೇಷ್ಟ್ರು ನೋಡಿ ಮೊದಲು ನಕ್ಕರು. ಆಮೇಲೆ ಬಾಗಿಲ ಕಡೆ ನೋಡಿ ನಗು ನಿಲ್ಲಿಸಿದರು.

ನಾನೇನು ತಪ್ಪು ಮಾಡಿದೆ?

ಪುಟ್ಟಿ


ಏಪ್ರಿಲ್ ೧೦

ಪುಟ್ಟಿ,

ಈ ಕಾಗದ ಕೈಗೆ ಬಂದ ಕೂಡಲೇ ಆ ಜಾಗ ತುಂಬಿಸಿಬಿಡು. ಒಂದು ಬಳ್ಳಿ ಎಳೆದು ನಡುವೆ ನಾಲ್ಕು ಹೂವು ಕೆತ್ತು. ಎಡಗಡೆಯ ಕಲ್ಲಿನ ಕೊನೆಯಲ್ಲಿ ಸಾವು ಇದ್ದು, ಅದರ ಎದುರಿಗೇ ಬಲಗಡೆ ಜಾಗ ಖಾಲಿ ಬಿಟ್ಟರೆ ನೋಡಿದವರು ಏನೆಂದುಕೊಳ್ಳಬೇಕು? ಯಾರಿಗಾಗಿ ಕಾಯುತ್ತಿದೆ ಆ ಸಾಲು? ನಾನು ಇಷ್ಟು ಬಿಡಿಸಿ ಬರೆಯಬಾರದಿತ್ತು. ಬರೆಯದಿದ್ದರೆ ನಿನಗೆ ತಿಳಿಯುವುದಿಲ್ಲ.

ನಿಜ ಹೇಳು, ನಿನ್ನ ಕೈ ತಾನೇ ಮಾಡಿತಾ, ಇಲ್ಲ ಯಾರಾದರೂ ಮಾಡಿಸಿದರಾ? ಆ ಮೇಷ್ಟ್ರು ಯಾಕೆ ನಕ್ಕ? ಅವನ ಹಾಳೆಯಲ್ಲಿ ಹನ್ನೊಂದೇ ಸಾಲು ಬಂದದ್ದು ಹೇಗೆ? ಪೆನ್ಸಿಲ್ ಕಚ್ಚುವವನಿಗೆ ಒಂದು ಸಾಲು ಹೆಚ್ಚಿಗೆ ಬರೆಯಲು ಏನಾಗಿತ್ತು? ತನ್ನ ಕೈ ಕೊಳೆಯಾಗದಂತೆ ನಿನ್ನ ಉಳಿಯಿಂದ ಮಾಡಿಸಿದನೋ ಏನೋ. ನನಗೆ ಯಾರ ಮೇಲೂ ನಂಬಿಕೆ ಇಲ್ಲ.

ಹೆಸರಿಲ್ಲದ ಗಿರಾಕಿ ಮತ್ತೆ ಬಂದಿದ್ದ. ನಿಮ್ಮಲ್ಲಿ ಜೋಡಿ ಕಲ್ಲು ಹೇಗೆ ಮಾಡ್ತೀರಿ ಎಂದು ಕೇಳಿದ.

ಅಪ್ಪ


ಏಪ್ರಿಲ್ ೨೦

ಮಗಳಿಗೆ,

ಇಲ್ಲಿ ಎಲ್ಲರೂ ಕ್ಷೇಮ. ಸೇನಾಪತಿಗಳ ಆಡಳಿತದಲ್ಲಿ ಕೆಲಸಗಾರರು ನೆಮ್ಮದಿಯಿಂದ ಇದ್ದೇವೆ.

ನೀನು ಹಿಂದಿನ ಕಾಗದದಲ್ಲಿ ಬರೆದ ಪದ್ಧತಿ ನಮ್ಮ ಅಂಗಡಿಯಲ್ಲಿ ಎಂದೂ ಇರಲಿಲ್ಲ. ನಾನು ಕಲಿಸಿಯೂ ಇಲ್ಲ. ನೀನು ಎಲ್ಲಿ ಕಂಡು ಮಾಡಿದೆಯೋ ತಿಳಿಯದು. ಮೇಲಿನವರು ಹೇಳಿದಂತೆ ನಡೆದುಕೋ.

ಇತಿ,
ನಿನ್ನ ತಂದೆ


ಮೇ ೧೧

ಅಪ್ಪಾ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ಬಂಗಾರದಕ್ಕ ರಜೆ ಹಾಕಿ ತನ್ನ ತಂಗಿಯ ಊರಿಗೆ ಹೊರಟಿದ್ದಾಳೆ, ದಾರಿಯಲ್ಲಿ ನಮ್ಮೂರು ಸಿಗುತ್ತದೆ. ನಾನೇ ತಲುಪಿಸುತ್ತೇನೆ ಅಂದಳು. ಕೊಡಲೋ ಬೇಡವೋ ಎಂದು ಮೂರು ದಿನ ಯೋಚಿಸಿದೆ. ಬೇರೆ ದಾರಿ ಕಾಣಲಿಲ್ಲ.

ನಿನ್ನ ಇಪ್ಪತ್ತನೆಯ ತಾರೀಖಿನ ಕಾಗದ ಓದಿ ಮೊದಲು ಬೇರೆ ಯಾರದೋ ನನಗೆ ಬಂದಿದೆ ಎಂದುಕೊಂಡೆ. ನೀನು ನನ್ನನ್ನು ಮಗಳಿಗೆ ಎಂದು ಎಂದಾದರೂ ಕರೆದಿದ್ದೀಯಾ? ಅಕ್ಷರ ಮಾತ್ರ ನಿನ್ನದೇ. ಬಳ್ಳಿ ಕೆತ್ತು ಎಂದು ನೀನು ಬರೆದದ್ದು ಅದಾಗಿ ಒಂದು ವಾರಕ್ಕೆ ಬಂತು. ಮೊದಲು ಬರೆದದ್ದು ಆಮೇಲೆ ಬಂತು.

ಅಷ್ಟರಲ್ಲಿ ಕರೆಸಿದ್ದರು. ಮೇಜಿನ ಹಿಂದೆ ಒಬ್ಬ ಕನ್ನಡಕದ ಸಾಹೇಬರು. ಮೇಜಿನ ಮೇಲೆ ನಮ್ಮ ಕಾಗದಗಳ ಪ್ರತಿಗಳಿದ್ದವು, ಒಂದೂ ಬಿಟ್ಟಿರಲಿಲ್ಲ. ಖಾಲಿ ಬಿಡು ಅಂತ ಹೇಳಿದ್ದು ಯಾರು ಎಂದು ಕೇಳಿದರು. ಯಾರೂ ಇಲ್ಲ ಅಂದೆ. ಮೇಷ್ಟ್ರೇ ಅಲ್ಲವೇ ಅಂದರು. ಅಲ್ಲ ಅಂದೆ. ಅಪ್ಪಾ, ಆ ಕೋಣೆಯಲ್ಲಿ ನಾನು ಮಾತಾಡಿದಷ್ಟು ಇಡೀ ಜನ್ಮದಲ್ಲಿ ಮಾತಾಡಿರಲಿಲ್ಲ. ಜೋಡಿ ಕಲ್ಲಿನಲ್ಲಿ ಬದುಕಿರುವವರಿಗೆ ಒಂದು ಸಾಲು ಬಿಡುವುದು ನಮ್ಮ ಅಂಗಡಿಯ ರೂಢಿ, ಚಿಕ್ಕಂದಿನಿಂದ ಅದೇ ಮಾಡಿದ ಕೈ ಇದು ಎಂದು ಹೇಳಿದೆ.

ಆಗ ಅವರು ಒಂದು ಹಾಳೆ ತಿರುಗಿಸಿ ಇಟ್ಟರು. ಅಂಥ ರೂಢಿ ನಮ್ಮಲ್ಲಿ ಇಲ್ಲ, ಮಗಳು ಸ್ವಂತ ಬುದ್ಧಿಯಿಂದ ಮಾಡಿರಬೇಕು ಎಂದು ಟೈಪು ಮಾಡಿದ ಹಾಳೆ. ಕೆಳಗೆ ನಿನ್ನ ಸಹಿ. ತಾರೀಖು ಏಪ್ರಿಲ್ ೧೯.

“ನಿಮ್ಮಪ್ಪನೇ ಬರೆದುಕೊಟ್ಟಿದ್ದಾನಲ್ಲ, ಏನಂತೀಯಾ?”

“ಇದು ನಮ್ಮಪ್ಪನ ಸಹಿ ಅಲ್ಲ” ಅಂದೆ.

ಅವರು ಕನ್ನಡಕ ತೆಗೆದು ಒರೆಸಿದರು. ಹಾಗಾದರೆ ರೂಢಿ ಇದೆ ಎಂಬುದಕ್ಕೆ ಸಾಕ್ಷಿ ಏನು ಎಂದು ಕೇಳಿದರು. ನಮ್ಮಮ್ಮನ ಕಲ್ಲು ಹೋಗಿ ನೋಡಿ, ಅದರ ಕೆಳಗೆ ಅಪ್ಪನ ಸಾಲು ಖಾಲಿ ಇದೆ ಅಂದುಬಿಟ್ಟೆ. ಹೊರಗೆ ಬಂದ ಮೇಲೆ ಹೊಳೆಯಿತು. ನಾನು ನಿಜ ಹೇಳಿದೆನೆಂದು ಗೊತ್ತಾದರೆ ನೀನು ಸುಳ್ಳು ಹೇಳಿದೆ ಎಂದಾಗುತ್ತದೆ. ಅವರು ನಿನ್ನಲ್ಲಿಗೆ ಬರುತ್ತಾರೆ.

ಮೇಷ್ಟ್ರ ಕುರ್ಚಿ ಹತ್ತು ದಿನದಿಂದ ಖಾಲಿ. ಯಾರೂ ಕೇಳುತ್ತಿಲ್ಲ, ನಾನೂ ಕೇಳಿಲ್ಲ.

ಅದು ನಿನ್ನ ಸಹಿಯೇ ಆಗಿದ್ದರೆ ನನಗೆ ಹೇಳಬೇಡ.

ಪುಟ್ಟಿ


ಮೇ ೧೯

ಪುಟ್ಟಿ,

ನಿನ್ನ ಬಂಗಾರದ ಹೆಂಗಸು ಬಂದಳು. ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡಿದೆ, ಒಂದೇ ಅಂಟು ಇತ್ತು. ಆದರೂ ಅವಳಿಗೆ ಚಹಾ ಕೊಟ್ಟು ಹವಾಮಾನದ ವಿಷಯ ಬಿಟ್ಟು ಬೇರೇನೂ ಮಾತಾಡಲಿಲ್ಲ. ಹೊರಡುವಾಗ, “ಅಪ್ಪ ಮಗಳು ಇಬ್ಬರೂ ಒಂದೇ ಕಲ್ಲಿನವರು” ಅಂದಳು. ಹೊಗಳಿದಳೋ ಬೈದಳೋ ತಿಳಿಯಲಿಲ್ಲ. ತಂಗಿಯ ಊರಿಂದ ತಿರುಗಿ ಬರುವಾಗ ಈ ಕಾಗದ ಒಯ್ಯುತ್ತಾಳೆ. ತಂಗಿ ಇರುವುದು ನಿಜವೇ ಎಂದು ನಿನ್ನೆಯೆಲ್ಲ ಯೋಚಿಸಿದೆ. ನಮಗೆ ಏನಾಗಿದೆ ನೋಡು.

ಅವಳು ಬರುವ ಎರಡು ದಿನ ಮೊದಲೇ ಆ ಗಿರಾಕಿ ಬಂದಿದ್ದ. ಈ ಸಲ ಅತ್ತೆಯ ಸುದ್ದಿ ಎತ್ತಲಿಲ್ಲ. ಜೊತೆಗೆ ಇಬ್ಬರು ಇದ್ದರು. ನಿಮ್ಮ ಹೆಂಡತಿಯ ಕಲ್ಲು ತೋರಿಸಿ ಅಂದ. ಕರೆದುಕೊಂಡು ಹೋದೆ. ಬೂಟಿನ ಕಾಲನ್ನು ಸಮಾಧಿಯ ಕಟ್ಟೆಯ ಮೇಲಿಟ್ಟು, ಬಗ್ಗಿ, ನಿನ್ನ ಅಮ್ಮನ ಹೆಸರಿನ ಕೆಳಗೆ ಬೆರಳಾಡಿಸಿದ.

“ಈ ಜಾಗ ಯಾರಿಗೆ?”

“ನನಗೆ.”

“ನೀನು ಬದುಕಿದ್ದೀಯಲ್ಲ.”

“ಅದಕ್ಕೇ ಖಾಲಿ ಇದೆ.”

ಜೊತೆಗಿದ್ದವರಲ್ಲಿ ಒಬ್ಬನಿಗೆ ನಗು ಬಂದು ಕೆಮ್ಮಿಕೊಂಡ. ಗಿರಾಕಿ ನಗಲಿಲ್ಲ. ಆಮೇಲೆ ಮೂವರೂ ಸಾಲು ಸಾಲಾಗಿ ಎಲ್ಲ ಕಲ್ಲುಗಳನ್ನೂ ನೋಡಿಕೊಂಡು ಹೋದರು. ಅಂಥ ಖಾಲಿ ಸಾಲು ಮೂವತ್ತೊಂದು ಸಿಕ್ಕವು. ಎಲ್ಲವೂ ನನ್ನ ಕೈಯವು, ಇಲ್ಲ ನನ್ನಪ್ಪನ ಕೈಯವು. ಹೆಸರು ಬರೆದುಕೊಂಡರು. ಹೋಗುವಾಗ ಅವನು ನನ್ನ ಕಡೆ ತಿರುಗಿ ಏನೋ ಕೇಳಲು ಹೊರಟ. ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಸಹಿಯ ವಿಷಯ ಬರೆಯಲು ಕೂತು ಎರಡು ಹಾಳೆ ಹರಿದೆ. ಇದು ಮೂರನೆಯದು.

ಕೈ ಪರವಾಗಿಲ್ಲ.

ಅಪ್ಪ


ಜೂನ್ ೮

ಅಪ್ಪಾ,

ಬಂಗಾರದಕ್ಕ ನಿನ್ನ ಕಾಗದ ತಂದುಕೊಟ್ಟಳು. ಅವಳಿಗೆ ತಂಗಿ ಇದ್ದಾಳೆ. ಊರಿಂದ ತಂಗಿಯ ಮಗುವಿನ ಫೋಟೋ ತಂದಿದ್ದಾಳೆ, ಕಿವಿ ಥೇಟ್ ಇವಳದೇ. ಆದರೆ ಈ ಕಾಗದ ಅಂಚೆಯಲ್ಲಿ ಬರುತ್ತಿದೆ. ಹಿಂದಿನದನ್ನು ಕೈಯಲ್ಲಿ ಕಳಿಸಿದ್ದು ತಿಳಿದು, ಇನ್ನು ಅಂಚೆಗೇ ಹಾಕು ಎಂದು ಸಾಹೇಬರ ಅಪ್ಪಣೆ.

ತೀರ್ಮಾನ ಆಯಿತು. ಬಳ್ಳಿ ಕೆತ್ತುತ್ತೇನೆ ಎಂದು ನಾನು ಕೇಳಿದ್ದೆ. ಹೂವು ಇಡುವುದು ಸಮಾಧಿಗೆ, ಬೇಡ ಅಂದರು. ಎರಡೂ ಚಪ್ಪಡಿಯನ್ನು ಒಂದು ಗೇಣು ಹೆಚ್ಚು ಆಳಕ್ಕೆ ಹೂತರೆ ಕೊನೆಯ ಸಾಲು ಕಾಣುವುದಿಲ್ಲ ಎಂದು ಮೇಸ್ತ್ರಿ ಹೇಳಿದರು. ಹೂತರೂ ಒಳಗೆ ಇದ್ದೇ ಇರುತ್ತಲ್ಲ ಅಂದರು ಸಾಹೇಬರು. ಬಲಗಡೆ ಏನು ಬರೆದರೂ ಎಡಗಡೆ ರಾಜ ಸಾಯುತ್ತಾನೆ, ಜನ ಆಮೇಲೆ ಬಲಕ್ಕೆ ತಿರುಗುತ್ತಾರೆ, ಅದು ಅವರಿಗೆ ಕಾಟ ಕೊಡುತ್ತಿತ್ತು. ಕೊನೆಗೆ ರಾಜನ ಸಾವನ್ನೇ ಅಳಿಸು ಅಂದರು.

ಕೆತ್ತಿದ್ದನ್ನು ಅಳಿಸಬೇಕಾದರೆ ಕಲ್ಲಿನ ಮೈಯನ್ನೆಲ್ಲ ಒಂದೇ ಮಟ್ಟಕ್ಕೆ ಇಳಿಸಬೇಕು, ಒಂದು ಸಾಲನ್ನಷ್ಟೇ ಉಜ್ಜಿದರೆ ಅಲ್ಲಿ ತಗ್ಗು ಬೀಳುತ್ತದೆ ಎಂದು ಹೇಳಿದೆ. ಸಮಯವಿಲ್ಲ, ಉಜ್ಜು ಅಂದರು. ಆರು ದಿನ ಉಜ್ಜಿದೆ. ಆಮೇಲೆ ಎರಡೂ ಕಲ್ಲಿಗೆ ಹನ್ನೆರಡನೆಯ ಸಾಲಾಗಿ ಒಂದೇ ಮಾತು ಕೆತ್ತಿಸಿದರು: ಇವರ ಸಾಧನೆಗೆ ಕೊನೆಯಿಲ್ಲ. ಈಗ ಇಬ್ಬರೂ ಸಾಯುವುದಿಲ್ಲ. ಬೆಳಗಿನ ಓರೆ ಬಿಸಿಲು ಬಿದ್ದಾಗ ಮಾತ್ರ ರಾಜನ ಕಲ್ಲಿನ ಬುಡದಲ್ಲಿ ಯಾರೋ ಕೂತು ಎದ್ದುಹೋದ ಹಾಗೆ ತಗ್ಗು ಕಾಣುತ್ತದೆ. ಚೌಕಕ್ಕೆ ಜನ ಬರುವುದು ಸಂಜೆ ತಾನೇ ಅಂದರು ಸಾಹೇಬರು.

ಚೀಟಿ ಇನ್ನೂ ಕೊಟ್ಟಿಲ್ಲ. ಹೊಸ ಆದೇಶ ಬರುತ್ತದೆ. ಸಮಾಧಿ ಕಲ್ಲುಗಳಲ್ಲಿ ಬದುಕಿರುವವರ ಹೆಸರಿನಲ್ಲಿ ಖಾಲಿ ಸಾಲು ಬಿಡುವಂತಿಲ್ಲ. ಇರುವುದನ್ನೆಲ್ಲ ಹದಿನೈದು ದಿನದಲ್ಲಿ ತುಂಬಿಸಬೇಕು. ಅಮ್ಮನ ಕಲ್ಲಿನ ಸಾಲು ತುಂಬಿದೆ ಎಂದು ಅಲ್ಲಿಂದ ವರದಿ ಬಂದ ದಿನ ನನ್ನ ಚೀಟಿ ಕೊಡುತ್ತಾರೆ. ಅದನ್ನು ಸಾಕ್ಷಿಯಾಗಿ ತೋರಿಸಿದ್ದು ನಾನಲ್ಲವೇ.

ಏನಾದರೂ ಕೆತ್ತು ಅಪ್ಪಾ. ನನ್ನ ಕೈಯಿಂದ ಕೆತ್ತಿಸಬೇಡ.

ಪುಟ್ಟಿ


ಜೂನ್ ೨೧

ಪುಟ್ಟಿ,

ಆದೇಶ ಬಂತು. ಅಂಗಡಿಯ ಮುಂದೆ ಹನ್ನೆರಡು ದಿನದಿಂದ ಸಾಲು ನಿಂತಿತ್ತು. ಎಲ್ಲರೂ ಬದುಕಿರುವವರು, ಎಲ್ಲರೂ ತಮ್ಮ ಕಲ್ಲಿಗಾಗಿ ಬಂದವರು. ಮೂಲೆಯ ದರ್ಜಿ, ಇವನು ಇನ್ನೂ ಹೊಲಿಯುತ್ತಿದ್ದಾನೆ ಎಂದು ಕೆತ್ತು ಅಂದ. ಅದನ್ನು ಕುಚೋದ್ಯ ಎಂದು ಕಚೇರಿಯವರು ಒಪ್ಪಲಿಲ್ಲ. ಮಾತು ಬೇಡ, ಜೊತೆಯ ಹೆಸರಿಗೆ ಇರುವಂತೆ ಇಲ್ಲಿಗೂ ಒಂದು ತಾರೀಖು ಸಾಕು ಅಂದರು. ಮುಂದಿನ ತಾರೀಖು ಹಾಕುವಂತಿಲ್ಲ, ಅದು ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ಹಿಂದಿನದನ್ನೇ ಹಾಕಬೇಕು. ದರ್ಜಿ ತನ್ನ ಹೆಂಡತಿ ತೀರಿಕೊಂಡ ದಿನವನ್ನೇ ಹಾಕಿಸಿಕೊಂಡ. ಹೆಚ್ಚಿನವರು ಹಾಗೇ ಮಾಡಿದರು. ದಾದಿಯೊಬ್ಬಳು ಮಾತ್ರ ತನ್ನ ಮದುವೆಯ ದಿನ ಹಾಕಿಸಿಕೊಂಡು ನಗುತ್ತಾ ಹೋದಳು. ಮೂವತ್ತನ್ನೂ ನಾನೇ ಕೆತ್ತಿದೆ. ಕೈ ಸಂಜೆಯ ಹೊತ್ತಿಗೆ ಉಬ್ಬಿಕೊಳ್ಳುತ್ತಿತ್ತು. ನೀನಿದ್ದಿದ್ದರೆ ಅರ್ಧ ನಿನಗೆ ಕೊಡುತ್ತಿದ್ದೆ.

ನನ್ನದನ್ನು ಕೊನೆಗೆ ಇಟ್ಟುಕೊಂಡಿದ್ದೆ. ನಿನ್ನೆ ಬೆಳಿಗ್ಗೆ ಕೆತ್ತಿದೆ. ನಿನ್ನ ಅಮ್ಮ ಹೋದ ದಿನವನ್ನು ಹಾಕಲಿಲ್ಲ. ಆ ದಿನ ನಾನು ಸತ್ತಿರಲಿಲ್ಲ, ನನಗೆ ನೀನಿದ್ದೆ.

ಹೆಸರಿಲ್ಲದ ಗಿರಾಕಿ ಮಧ್ಯಾಹ್ನ ವರದಿ ಬರೆಯಲು ಬಂದ. ಮೂವತ್ತು ಕಲ್ಲಿಗೆ ಮೂವತ್ತು ಗುರುತು ಹಾಕಿ ನನ್ನದರ ಮುಂದೆ ಬಗ್ಗಿದ. ಏಪ್ರಿಲ್ ೧೯ ಎಂದು ಗಟ್ಟಿಯಾಗಿ ಓದಿದ. ಆ ದಿನ ನನ್ನ ಅಂಗಡಿಯಲ್ಲಿ ಪೆನ್ನು ಮುಂದೆ ಹಿಡಿದು ನಿಂತಿದ್ದವನೂ ಅವನೇ. ಈ ವರ್ಷದ್ದೇ ಎಂದು ಕೇಳಿದ. ಹೌದು ಅಂದೆ. ಇನ್ನೇನೋ ಕೇಳುತ್ತಾನೆ ಎಂದು ಕಾಯುತ್ತಾ ನಿಂತೆ. ಅವನು ಕಲ್ಲನ್ನು ನೋಡಿದ, ನನ್ನನ್ನು ನೋಡಿದ, ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಸರಿಯಾಗಿದೆ ಎಂದು ಬರೆದ. ವರದಿ ಈ ಕಾಗದಕ್ಕಿಂತ ಮೊದಲೇ ನಿನ್ನಲ್ಲಿಗೆ ಬಂದಿರುತ್ತದೆ. ಚೀಟಿ ಇಸಿದುಕೊಂಡು ಮೊದಲ ರೈಲಿಗೇ ಹೊರಡು.

ನೀನು ಬಂದ ಮೇಲೆ ಆ ಸಾಲನ್ನು ನೋಡು. ಇರಲಿ ಅಂದರೆ ಇರಲಿ. ಬೇಡ ಅಂದರೆ ನೀನೇ ಉಜ್ಜಬೇಕು, ನನಗೆ ಆಗುವುದಿಲ್ಲ. ಹಾಗೇನಾದರೂ ಆದರೆ ನಿನಗೆ ಸುಲಭವಾಗಲಿ ಎಂದು ಮೇಲೆ ಮೇಲೆ ಕೆತ್ತಲು ಹೊರಟಿದ್ದೆ. ಕೈ ಕೇಳಲಿಲ್ಲ, ಆಳಕ್ಕೆ ಹೋಯಿತು.

ಅಪ್ಪ